ಆಕ್ಟೇವಿಯಾ ಆರ್‌ಎಸ್ ಗೇರ್‌ಬಾಕ್ಸ್: ಏನು ಬದಲಾಯಿಸಿದೆ, ಏನು ಹಾಗೇ ಬಿಟ್ಟೆ

ಸಂಕ್ರಾಂತಿ ಮುಗಿಸಿ ಬಿಚ್ಚಿದ ಗೇರ್‌ಬಾಕ್ಸ್ ಕೊನೆಗೂ ಕಾರಿಗೆ ಮತ್ತೆ ಸೇರಿದೆ. ಹುಬ್ಬಳ್ಳಿಯಲ್ಲೇ, ಮನೆಯ ಶೆಡ್ಡಿನಲ್ಲಿ, ಗೋಕುಲ ರೋಡಿನ ಲೇತ್ ಅಂಗಡಿಯ ಸಹಾಯದಿಂದ ಮುಗಿಸಿದ ಕೆಲಸ ಇದು. ಇದೇ ಕಾರು ಇಟ್ಟುಕೊಂಡವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಕಾರು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1781 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, 150 ಪಿಎಸ್, 210 ನ್ಯೂಟನ್ ಮೀಟರ್ ಟಾರ್ಕ್. ನೋಡೋಕೆ ಸಾದಾ ಸೆಡಾನ್, ಓಡಿಸಿದರೆ ಸ್ಪೋರ್ಟ್ಸ್ ಕಾರು. ಗೇರ್‌ಬಾಕ್ಸ್ 02ಜೆ ಅನ್ನೋ ಐದು ಸ್ಪೀಡಿನದು. ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೂ ಆ ಕಾಲದ ಆಡಿ ಎ3ಗೂ ಇದನ್ನೇ ಹಾಕಿದ್ದರು. ಹಾಗಾಗಿ ಪಾರ್ಟ್ಸ್ ಹೊರದೇಶದಿಂದ ತರಿಸಬಹುದು. ದುಬಾರಿ, ಆದರೆ ಸಿಗುತ್ತವೆ.

ತೊಂದರೆ ಎರಡಿದ್ದವು. ಒಂದು, ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅನ್ನುತ್ತಿತ್ತು. ಬೆಳಿಗ್ಗೆ ಆಯಿಲ್ ತಣ್ಣಗಿದ್ದಾಗ ಇನ್ನೂ ಜಾಸ್ತಿ. ಎರಡು, ನ್ಯೂಟ್ರಲ್‌ನಲ್ಲಿ ಸುಮ್ನೆ ನಿಂತಾಗ ಒಳಗಿಂದ ಗುಂಯ್ ಅನ್ನೋ ಸದ್ದು. ಕ್ಲಚ್ ಒತ್ತಿದ ತಕ್ಷಣ ಆ ಸದ್ದು ನಿಲ್ಲುತ್ತಿತ್ತು. ಇದನ್ನು ಗಮನಿಸೋದು ಮುಖ್ಯ. ಕ್ಲಚ್ ಒತ್ತಿದಾಗ ಇನ್‌ಪುಟ್ ಶಾಫ್ಟ್ ತಿರುಗೋದು ನಿಲ್ಲುತ್ತದೆ. ಅದರ ಜೊತೆ ಸದ್ದೂ ನಿಂತರೆ ಆ ಶಾಫ್ಟಿನ ಬೇರಿಂಗ್ ಕಡೆ ನೋಡಬೇಕು. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ರಿಲೀಸ್ ಬೇರಿಂಗ್ ನೋಡಬೇಕು.

ಬಿಚ್ಚುವ ಮೊದಲು ಗೇರ್ ಕೇಬಲ್ ಮತ್ತು ಬುಷ್ ನೋಡಿದೆ. ಈ ಕಾರಿನಲ್ಲಿ ಗೇರ್ ಲಿವರ್‌ನಿಂದ ಎರಡು ಕೇಬಲ್ ಬಂದು ಗೇರ್‌ಬಾಕ್ಸ್ ಮೇಲಿನ ಸೆಲೆಕ್ಟರ್‌ಗೆ ಸೇರುತ್ತವೆ. ಅಲ್ಲಿನ ಬುಷ್ ಸವೆದರೆ ಗೇರ್ ಎಲ್ಲಿ ಬೀಳ್ತಾ ಇದೆ ಅಂತಲೇ ಕೈಗೆ ಗೊತ್ತಾಗಲ್ಲ. ನನ್ನ ಕಾರಿನಲ್ಲಿ ಅವು ಬೆರಳಿಗೇ ಅಲ್ಲಾಡುತ್ತಿದ್ದವು. ಕಂಚಿನ ಬುಷ್ ಹಾಕಿದೆ. ಲಿವರ್ ಗಟ್ಟಿಯಾಯಿತು, ಕರ್ ಸದ್ದು ಹೋಗಲಿಲ್ಲ. ಯಾರಿಗಾದರೂ ಗೇರ್ ಸಡಿಲ ಅನ್ನಿಸುತ್ತಿದ್ದರೆ ಮೊದಲು ಈ ಸಣ್ಣ ಕೆಲಸ ಮಾಡಿಸಿ. ಗೇರ್‌ಬಾಕ್ಸ್ ಇಳಿಸುವ ಮಾತು ಆಮೇಲೆ.

ಇಳಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಬ್ಯಾಟರಿ, ಅದರ ತಟ್ಟೆ, ಸ್ಟಾರ್ಟರ್, ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಎರಡೂ ಡ್ರೈವ್ ಶಾಫ್ಟ್. ಎಂಜಿನ್ ಮೇಲಿನಿಂದ ತೂಗುಹಾಕಿ, ಕೆಳಗೆ ಜಾಕ್ ಕೊಟ್ಟು ಇಳಿಸಿದೆವು. ಒಂದೇ ಎಚ್ಚರಿಕೆ: ಡ್ರೈವ್ ಶಾಫ್ಟಿನ ಬೋಲ್ಟುಗಳಿಗೆ ಹನ್ನೆರಡು ಮೂಲೆಯ ಬಿಟ್ (ಬೋಲ್ಟ್ ತಿರುಗಿಸುವ ತುದಿ) ಬೇಕೇ ಬೇಕು. ಆಲನ್ ಕೀ ತುರುಕಿದರೆ ತಲೆ ಸವೆದು ಹೋಗುತ್ತದೆ. ಬಿಟ್ ಹಾಕುವ ಮೊದಲು ಬೋಲ್ಟಿನ ತೂತಿನಲ್ಲಿ ಕೂತ ಮಣ್ಣು ಪೂರ್ತಿ ಕೆರೆದು ತೆಗೆಯಬೇಕು. ನಮ್ಮ ಎರೆಮಣ್ಣು ಒಣಗಿದರೆ ಸಿಮೆಂಟೇ.

ಹಳೇ ಆಯಿಲ್ ಅಗಲವಾದ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದೆ. ಬಂಗಾರದ ಪುಡಿ ಕಲಸಿದ ಹಾಗೆ ಹೊಳೆಯುತ್ತಿತ್ತು. ಅದು ಸಿಂಕ್ರೋ ರಿಂಗಿನ, ಅಂದರೆ ಗೇರ್ ಹಾಕುವಾಗ ಗೇರನ್ನೂ ಶಾಫ್ಟನ್ನೂ ಒಂದೇ ವೇಗಕ್ಕೆ ತರುವ ಬಳೆಯ, ಹಿತ್ತಾಳೆ. ಜೊತೆಗೆ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪುಡಿ ಅಂಟಿತು, ಅದು ಸ್ಟೀಲ್. ಹಲ್ಲಿನ ಚೂರು ಒಂದೂ ಸಿಗಲಿಲ್ಲ. ಅಲ್ಲಿಗೆ ಗೇರುಗಳು ಉಳಿದಿವೆ ಅಂತ ಧೈರ್ಯ ಬಂತು.

ಪೆಟ್ಟಿಗೆ ಬಿಚ್ಚುವಾಗ ಐದನೇ ಗೇರಿನಿಂದ ಶುರು ಮಾಡಬೇಕು. ಅದು ಕೊನೆಯ ಮುಚ್ಚಳದ ಹಿಂದೆ ಬೇರೆಯಾಗಿ ಕೂತಿರುತ್ತದೆ. ಅದರ ಬೋಲ್ಟ್ ಸಡಿಲ ಮಾಡೋಕೆ ಶಾಫ್ಟ್ ತಿರುಗಬಾರದು. ಅದಕ್ಕೆ ಎರಡು ಗೇರ್ ಒಟ್ಟಿಗೆ ಹಾಕಿ ಲಾಕ್ ಮಾಡುತ್ತಾರೆ. ಆ ಬೋಲ್ಟುಗಳನ್ನು ಮತ್ತೆ ಬಳಸುವ ಹಾಗಿಲ್ಲ, ಹೊಸದೇ ಹಾಕಬೇಕು.

ಇನ್ನು ಸಿಂಕ್ರೋ. ರಿಂಗನ್ನು ಅದರ ಗೇರಿನ ಕೋನ್ (ಅದು ಕೂರುವ ಇಳಿಜಾರು ಮೈ) ಮೇಲೆ ಬೆರಳಿನಿಂದ ಒತ್ತಿ ಹಿಡಿದು, ರಿಂಗಿಗೂ ಗೇರಿನ ಸಣ್ಣ ಹಲ್ಲುಗಳಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ, ಅಂದರೆ ಗೊತ್ತಾದ ದಪ್ಪದ ತೆಳು ಎಲೆಗಳಿಂದ, ಅಳೆಯಬೇಕು. ರಿಂಗ್ ಸವೆದಷ್ಟೂ ಕೋನ್ ಮೇಲೆ ಒಳಗೆ ಹೋಗುತ್ತದೆ, ಸಂದು ಕಡಿಮೆಯಾಗುತ್ತದೆ. 0.5 ಮಿ.ಮೀ.ಗಿಂತ ಕಡಿಮೆ ಇದ್ದರೆ ರಿಂಗ್ ಮುಗಿಯಿತು ಅಂತಲೇ ಲೆಕ್ಕ. ಎರಡನೇ ಗೇರಿನ ರಿಂಗಿಗೆ 0.5ರ ಎಲೆ ಒಳಗೇ ಹೋಗಲಿಲ್ಲ. ಮೂರು, ನಾಲ್ಕು ಆರಾಮಾಗಿದ್ದವು.

ಆದರೆ ರಿಂಗ್ ಒಂದನ್ನೇ ನೋಡಿದರೆ ಸಾಲದು. ಸ್ಲೀವ್, ಅಂದರೆ ಜರುಗಿ ಬಂದು ಗೇರನ್ನು ಶಾಫ್ಟಿಗೆ ಸೇರಿಸುವ ಬಳೆ, ಹೋಗಿ ಕೂಡುವ ಸಣ್ಣ ಹಲ್ಲುಗಳ ತುದಿ ಚೂಪಾಗಿರಬೇಕು, ಎರಡು ಕಡೆ ಇಳಿಜಾರು ಇರುವ ಮನೆ ಮಾಳಿಗೆಯ ಹಾಗೆ. ಕನ್ನಡಕದ ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿದೆ. ಮೂರನೇ ಗೇರಿನ ತುದಿಗಳು ಗೆರೆ ಎಳೆದಷ್ಟು ನೇರ. ಎರಡನೇದರ ತುದಿಗಳು ಒಂದೇ ಬದಿಗೆ ದುಂಡಗಾಗಿ, ಅಂಚಿನಲ್ಲಿ ಸಣ್ಣ ಬಿಳಿ ಚುಕ್ಕೆಯಷ್ಟು ಚಕ್ಕೆ ಎದ್ದಿದ್ದವು. ಸವೆತ ಎಲ್ಲ ಒಂದೇ ಬದಿಗಿರೋದು ಗೇರ್ ಇಳಿಸುವಾಗ ಬಿದ್ದ ಪೆಟ್ಟು. ಇಂಥ ಹಲ್ಲಿನ ಮೇಲೆ ಹೊಸ ರಿಂಗ್ ಹಾಕಿದರೆ ಸ್ವಲ್ಪ ದಿನ ಸುಖ, ಆಮೇಲೆ ಮತ್ತೆ ಅದೇ ರಾಗ. ಅದಕ್ಕೇ ಒಂದು-ಎರಡನೇ ಗೇರುಗಳ ಹಬ್ (ಸ್ಲೀವ್ ಕೂರುವ ಭಾಗ), ಸ್ಲೀವ್, ರಿಂಗ್, ಎರಡನೇ ಗೇರ್ ಎಲ್ಲ ಸೆಟ್ಟಾಗಿ ತರಿಸಿದೆ. ಸ್ಲೀವನ್ನು ಜರುಗಿಸುವ ಫೋರ್ಕಿನ ತುದಿಯ ಪ್ಯಾಡುಗಳೂ ಸವೆದಿದ್ದವು, ಅವನ್ನೂ ಬದಲಾಯಿಸಿದೆ. ಮೂರು-ನಾಲ್ಕಕ್ಕೆ ಬರೀ ರಿಂಗ್ ಹೊಸದು. ಅಷ್ಟು ಒಳಗೆ ಹೋದ ಮೇಲೆ ರಿಂಗಿನ ದುಡ್ಡು ಉಳಿಸೋದು ಜಾಣತನ ಅಲ್ಲ.

ಪಾರ್ಸೆಲ್ ಬರುವ ಹೊತ್ತಿಗೆ ಶಿವರಾತ್ರಿ ಬಂತು. ಸಿದ್ಧಾರೂಢರ ಜಾತ್ರೆಗೆ ಲೇತ್ ಅಂಗಡಿಯ ಹುಡುಗರೆಲ್ಲ ಹೋದರು. ಜಾತ್ರೆ ಕಳೆದ ಮೇಲೆ ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಭಾಗ, ಹಿಡಿದುಕೊಂಡು ಗೋಕುಲ ರೋಡಿಗೆ ಹೋದೆ.

02ಜೆಯಲ್ಲಿ ಡಿಫರೆನ್ಷಿಯಲ್‌ನ ದೊಡ್ಡ ಗೇರನ್ನು, ಅಂದರೆ ರಿಂಗ್ ಗೇರನ್ನು, ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕಂಪನಿ ಕೊಟ್ಟ ಟಾರ್ಕಿಗೆ ಅದು ಸಾಕು. ಎಂಜಿನ್ ಟ್ಯೂನ್ ಮಾಡಿ ಟಾರ್ಕ್ ಏರಿಸಿದವರಿಗೆ ಮೊದಲು ಕೈಕೊಡೋದು ಈ ರಿವೆಟ್ಟೇ. ತಲೆ ಹಾರಿ ಕೇಸಿಗೆ ಬಡಿದರೆ ಅಲ್ಯೂಮಿನಿಯಂ ತೂತಾಗುತ್ತದೆ, ಆಯಿಲ್ ಪೂರ್ತಿ ರಸ್ತೆಗೆ. ನನ್ನವು ಗಟ್ಟಿಯಾಗೇ ಇದ್ದವು. ಮುಂದೆ ಟ್ಯೂನ್ ಮಾಡುವ ಯೋಚನೆ ಇರೋದರಿಂದ ಬೋಲ್ಟ್ ಕಿಟ್ ತರಿಸಿದ್ದೆ.

ಅಂಗಡಿಯ ಕಾಕಾ ಡಿಫರೆನ್ಷಿಯಲ್ ಕೈಯಲ್ಲಿ ತಿರುಗಿಸಿ ನೋಡಿದರು. "ಇಷ್ಟ ಗಟ್ಟಿ ಅದಾವಲ್ಲೋ ತಮ್ಮಾ, ಯಾಕ ಒಡಸ್ತಿ?"

"ಈಗ ಗಟ್ಟಿ ಅದಾವ್ರಿ ಕಾಕಾ. ನಾಳೆ ಎಂಜಿನ್ ಜೋರ್ ಮಾಡಿದ ಮ್ಯಾಲೆ ಒಂದ ತಲಿ ಹಾರಿದ್ರ ಕೇಸೇ ಹೋಗ್ತೈತ್ರಿ."

ಕಿಟ್ಟಿನ ಬೋಲ್ಟ್ ಒಂದನ್ನು ತೂತಿನ ಪಕ್ಕ ಹಿಡಿದು, "ಇದು ಸಡಿಲ ಕೂತ್ರ ರಿವೆಟ್ಟೇ ಚಲೋ" ಅಂದರು. ನೂರಕ್ಕೆ ನೂರು ನಿಜ. ರಿವೆಟ್ ಹೊಡೆದಾಗ ಉಬ್ಬಿ ತೂತು ತುಂಬಿಕೊಳ್ಳುತ್ತದೆ. ಬೋಲ್ಟ್ ಉಬ್ಬಲ್ಲ. ಅದರ ಮೈ ತೂತಿಗೆ ಬಿಗಿಯಾಗಿ ಹೊಂದಬೇಕು, ಇಲ್ಲದಿದ್ದರೆ ಗ್ಯಾಸ್ ಕೊಟ್ಟಾಗೊಮ್ಮೆ ಬಿಟ್ಟಾಗೊಮ್ಮೆ ಗೇರ್ ಜಗ್ಗಾಡುತ್ತದೆ. ಕಾಕಾ ರಿವೆಟ್ಟಿನ ತಲೆ ಮಾತ್ರ ಡ್ರಿಲ್ ಮಾಡಿದರು, ಉಳಿದದ್ದನ್ನು ಪ್ರೆಸ್ಸಿನಲ್ಲಿ ತಳ್ಳಿದರು. ತೂತಿನ ಒಳಮೈಗೆ ಒಂದು ಗೀರೂ ಬೀಳಲಿಲ್ಲ. ಬೋಲ್ಟುಗಳನ್ನು ಎದುರು ಬದುರು ಬಿಗಿ ಮಾಡುತ್ತಾ, ಥ್ರೆಡ್ಡಿಗೆ ಲಾಕಿಂಗ್ ಅಂಟು ಹಚ್ಚಿ, ಕೊನೆಗೆ ಟಾರ್ಕ್ ರೆಂಚಿನಿಂದ ಮುಗಿಸಿದೆವು. ಅಂಟು ಹಿಡಿಯಬೇಕಾದರೆ ಆಯಿಲ್ ಪಸೆ ಒಂದಿಷ್ಟೂ ಇರಬಾರದು. ಅದಕ್ಕೆ ಇಡೀ ಡಿಫರೆನ್ಷಿಯಲ್ ಬ್ರೇಕ್ ಕ್ಲೀನರ್‌ನಲ್ಲಿ ತೊಳೆದಿದ್ದೆ.

ಒಂದೇ ಚಕ್ರ ಜಾರಿ ಸುಮ್ನೆ ತಿರುಗೋದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಬಹುದಿತ್ತಲ್ವಾ ಅಂತ ಗೆಳೆಯರು ಕೇಳಿದರು. ಹಾಕಬಹುದಿತ್ತು, ಆಸೆಯೂ ಇತ್ತು. ಆದರೆ ಅದರ ಬೆಲೆ ಮತ್ತು ಕಸ್ಟಮ್ಸ್ ಸೇರಿಸಿದರೆ ಉಳಿದ ಎಲ್ಲ ಪಾರ್ಟ್ಸಿಗಿಂತ ಜಾಸ್ತಿ ಆಗುತ್ತಿತ್ತು. ಆ ದುಡ್ಡನ್ನು ಬೇರಿಂಗಿಗೆ ಹಾಕಿದೆ. ನನ್ನ ಅಭಿಪ್ರಾಯದಲ್ಲಿ ಇಂಥ ಕೆಲಸದಲ್ಲಿ ದುಡ್ಡು ಹೋಗಬೇಕಾದ ಜಾಗ ಅದೇ.

ಬೇರಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಹೆಚ್ಚಿನ ಕಡೆ ಇಲ್ಲೇ ಅವಸರ ಮಾಡುತ್ತಾರೆ. ಶಾಫ್ಟಿಗೂ ಡಿಫರೆನ್ಷಿಯಲ್‌ಗೂ ಇರೋದು ಟೇಪರ್ ಬೇರಿಂಗ್, ಅಂದರೆ ಓರೆ ರೋಲರ್‌ಗಳದು. ಅವು ಎದುರುಬದುರಾಗಿ ಸ್ವಲ್ಪ ಒತ್ತಿಕೊಂಡೇ ಇರಬೇಕು. ಆ ಒತ್ತಡವೇ ಪ್ರೀಲೋಡ್. ಅದನ್ನು ತೀರ್ಮಾನಿಸೋದು ಬೇರಿಂಗಿನ ಹಿಂದೆ ಹಾಕುವ ತೆಳು ಬಿಲ್ಲೆ, ಅಂದರೆ ಶಿಮ್. ಬೇರಿಂಗ್ ಬದಲಾಯಿಸಿ ಹಳೇ ಶಿಮ್ಮನ್ನೇ ಹಾಕಿದರೆ ಪ್ರೀಲೋಡ್ ಎಷ್ಟಿದೆ ಅಂತ ಯಾರಿಗೂ ಗೊತ್ತಿರಲ್ಲ.

ಒಂದು ಲೆಕ್ಕ ನೋಡಿ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಕಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಸ್ಟೀಲ್ ಸುಮಾರು 12. ಅಂದರೆ ಕೇಸ್ ಶಾಫ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಬೇರಿಂಗುಗಳ ನಡುವೆ 200 ಮಿ.ಮೀ. ದೂರ ಇದೆ, ಗೇರ್‌ಬಾಕ್ಸ್ 60 ಡಿಗ್ರಿ ಬಿಸಿ ಏರಿತು ಅಂತ ಇಟ್ಟುಕೊಳ್ಳಿ. ಎರಡರ ವ್ಯತ್ಯಾಸ 0.13 ಮಿ.ಮೀ. ತಣ್ಣಗಿದ್ದಾಗ ಸರಿ ಅನ್ನಿಸಿದ ಶಾಫ್ಟ್ ಬಿಸಿಯಾದಾಗ ಸಡಿಲ ಆಗೋದು ಹೀಗೆ. ಸಡಿಲ ಆದರೆ ಗೇರಿನ ಹಲ್ಲುಗಳು ಸರಿಯಾಗಿ ಕೂಡಲ್ಲ, ಸದ್ದು ಬರುತ್ತದೆ. ಅತಿ ಬಿಗಿಯಾದರೆ ಬೇರಿಂಗ್ ಸುಟ್ಟು ಹೋಗುತ್ತದೆ.

ಅಳೆಯೋಕೆ ಮೊದಲು ಒಂದು ತೆಳು ಶಿಮ್ ಹಾಕಿ ಕೇಸ್ ಮುಚ್ಚಿ ಬೋಲ್ಟ್ ಬಿಗಿ ಮಾಡಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಮೇಲೆ ಕೆಳಗೆ ಎಳೆದು ಎಷ್ಟು ಆಡುತ್ತದೆ ನೋಡಬೇಕು. ಆ ಆಟಕ್ಕೆ ಮ್ಯಾನ್ಯುವಲ್ ಹೇಳುವ ಪ್ರೀಲೋಡ್ ಸೇರಿಸಿದರೆ ಬೇಕಾದ ಶಿಮ್ಮಿನ ದಪ್ಪ ಸಿಗುತ್ತದೆ. ಅಳೆಯುವಾಗ ಶಾಫ್ಟ್ ತಿರುಗಿಸಬಾರದು. ತಿರುಗಿಸಿದರೆ ರೋಲರ್‌ಗಳು ಜರುಗಿ ಕೂತು ಅಳತೆ ಬದಲಾಗುತ್ತದೆ. ಒಂದೇ ಅಳತೆಗೆ ತೃಪ್ತಿ ಪಡದೆ, ಮುಳ್ಳು ಮತ್ತೆ ಮತ್ತೆ ಅದೇ ಗೆರೆಗೆ ಬಂದು ನಿಂತ ಮೇಲೆ ಬರೆದುಕೊಂಡೆ. ಬೇಕಾದ ದಪ್ಪದ ಶಿಮ್ ಇಲ್ಲಿ ಸಿಗಲಿಲ್ಲ, ಪುಣೆಯಿಂದ ತರಿಸಿದೆ. ಅದು ಬರುವವರೆಗೆ ರಂಗಪಂಚಮಿಯೂ ಮುಗಿದಿತ್ತು. ಕಾದದ್ದಕ್ಕೆ ಬೇಜಾರಿಲ್ಲ. ಪೇಪರಿನಿಂದ ಉಜ್ಜಿ ತೆಳು ಮಾಡಿದ ಶಿಮ್ಮನ್ನು ನಾನು ನಂಬಲ್ಲ.

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಆಯಿಲ್ ಸೀಲುಗಳು ಎಲ್ಲ ಹೊಸದು. ಸೀಲ್ ಸಣ್ಣ ವಸ್ತು, ಆದರೆ ಇನ್‌ಪುಟ್ ಶಾಫ್ಟಿನ ಸೀಲ್ ಸೋರಿದರೆ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಎಂಜಿನ್ನಿನ ಕಂಪನ ಹೀರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇನ್ನೂ ಚೆನ್ನಾಗಿತ್ತು, ಹಾಗೇ ಬಿಟ್ಟೆ. ಹಗುರ ಫ್ಲೈವೀಲ್ ಹಾಕಿದರೆ ಎಂಜಿನ್ ಬೇಗ ಏರುತ್ತದೆ ನಿಜ, ಆದರೆ ಐಡ್ಲಿಂಗ್‌ನಲ್ಲಿ ಗೇರ್‌ಬಾಕ್ಸ್ ಗಡಗಡ ಅನ್ನುತ್ತದೆ. ದಿನಾ ಕೊಪ್ಪಿಕರ ರಸ್ತೆಯ ಟ್ರಾಫಿಕ್‌ನಲ್ಲಿ ಆ ಸದ್ದು ನನಗೆ ಬೇಡ.

ಆಯಿಲ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಗೇರ್ ಆಯಿಲ್ ಕೇಳಿದರೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯದು ಕೈಗೆ ಕೊಡುತ್ತಾರೆ. ಅದು ಹಿಂದಿನ ಆಕ್ಸಲಿಗೆ ಸರಿ. ಸಿಂಕ್ರೋ ಇರುವ ಈ ಪೆಟ್ಟಿಗೆಗೆ ಜಿಎಲ್-4 ಬೇಕು. ರಿಂಗ್ ಕೆಲಸ ಮಾಡೋದೇ ಕೋನನ್ನು ಹಿಡಿದು ನಿಲ್ಲಿಸೋದರಿಂದ. ಆಯಿಲ್ ಅತಿ ಜಾರಿದರೆ ಹಿಡಿತ ತಪ್ಪುತ್ತದೆ. 75ಡಬ್ಲ್ಯು-90 ಸಿಂಥೆಟಿಕ್, ಸುಮಾರು 2 ಲೀಟರ್ ಹಾಕಿದೆ.

ಮೊದಲ ಸುತ್ತು ಉಣಕಲ್ ಕೆರೆವರೆಗೆ, ಮೆತ್ತಗೆ. ಸೋರಿಕೆ ಇಲ್ಲ. ಆಮೇಲೆ ಭಾನುವಾರ ಬೆಳಿಗ್ಗೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಾಟಿಗೆ ಹೋದೆ. ಎರಡು-ಮೂರರ ನಡುವೆ ಕೈಗೆ ಬಿಡುವೇ ಕೊಡದ ತಿರುವುಗಳು ಅಲ್ಲಿ. ಲಾರಿ ಹಿಂದೆ ನಿಧಾನ ಮಾಡಿ ಮೂರರಿಂದ ಎರಡಕ್ಕೆ ಹಾಕಿದೆ. ಲಿವರ್ ಅರೆಕ್ಷಣ ತಡೆದು, ಮೆತ್ತಗೆ ಒಳಗೆ ಹೋಯಿತು. ಸದ್ದೇ ಇಲ್ಲ. ಎಷ್ಟು ಖುಷಿ ಆಯಿತು ಅಂದರೆ, ಬೇಕಿಲ್ಲದ ಕಡೆಯೂ ಎರಡಕ್ಕೆ ಇಳಿಸುತ್ತಾ ಹೋದೆ. ನ್ಯೂಟ್ರಲ್‌ನ ಗುಂಯ್ ಸದ್ದೂ ಹೋಗಿದೆ.

ಈಗ ಉಳಿದದ್ದು: ತಣ್ಣಗಿದ್ದಾಗ ಒಂದನೇ ಗೇರ್ ಸ್ವಲ್ಪ ಬಿಗಿ. ಹೊಸ ರಿಂಗ್ ಕೋನಿಗೆ ಹೊಂದಿಕೊಳ್ಳೋಕೆ ಸಮಯ ಬೇಕು, ಅಲ್ಲಿವರೆಗೆ ಅವಸರದ ಗೇರ್ ಬದಲಾವಣೆ ಇಲ್ಲ. 1000 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿ ಮತ್ತೆ ಅಯಸ್ಕಾಂತ ಆಡಿಸಿ ನೋಡುತ್ತೇನೆ. ಹೊಸ ರಿಂಗಿನ ಒಂದಿಷ್ಟು ಹಿತ್ತಾಳೆ ಪುಡಿ ಬಂದೇ ಬರುತ್ತದೆ, ಸ್ಟೀಲ್ ಎಷ್ಟಿದೆ ಅನ್ನೋದು ಮುಖ್ಯ. ಅದು ಸರಿ ಇದ್ದರೆ ಎಂಜಿನ್ ಟ್ಯೂನಿಂಗ್ ಶುರು. ಹೊಸ ಎಂಜಿನ್ ಮೌಂಟುಗಳಿಗೆ ಆರ್ಡರ್ ಕೊಟ್ಟಾಗಿದೆ.