ಎಮ್ಮೆಯ ಬಾಯಿ, ಗಾಲಿಯ ಬಾಯಿ

ಮಂಗಳವಾರದ ಅಡ್ಡಮಳೆಯಲ್ಲಿ ನನ್ನ ಜೀಪು ಹುಗಿದುಕೊಂಡ ಸುದ್ದಿ ಊರಿಗೆಲ್ಲ ತಲುಪಿರುವುದರಿಂದ ಅದನ್ನು ಮುಚ್ಚಿಡುವ ಪ್ರಯತ್ನವನ್ನು ಕೈಬಿಟ್ಟಿದ್ದೇನೆ. ಆದರೆ ಅಲ್ಲಿ ಕುರಿ ಕಾಯುವ ಅಜ್ಜನೊಬ್ಬ ಆಡಿದ ಮಾತು ನಾಲ್ಕು ದಿನಗಳಾದರೂ ಕಿವಿ ಬಿಟ್ಟು ಹೋಗಿಲ್ಲ.

ನಮ್ಮ ಮನೆ ಇರುವುದು ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ; ಹೊಲ ಡಂಬಳದ ಕಡೆಯ ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ. ಮಸಾರಿಯ ಕಲ್ಲುಹಾದಿಯಲ್ಲಿ ನನ್ನ ಹಳೆಯ ಮಹೀಂದ್ರಾ ಎಂಎಂ 540 ಜೀಪಿಗೆ ಸಮನಾದ ಗಾಡಿ ಇಲ್ಲವೆಂದು ಇವತ್ತಿಗೂ ವಾದಿಸಬಲ್ಲೆ. ಅದರ ಕ್ಲಚ್ ಪ್ಲೇಟು, ಪಾಟಾ, ಶಾಫ್ಟಿನ ಕ್ರಾಸು ಎಲ್ಲವನ್ನೂ ಬೇವಿನ ಮರದ ಕೆಳಗೆ ನಾನೇ ಬದಲಿಸಿದ್ದೇನೆ. ಹುಬ್ಬಳ್ಳಿಗೆ ಹೋಗಿ ಹಳೆಯ ಬಿಡಿಭಾಗ ತರುವುದೊಂದನ್ನು ಬಿಟ್ಟರೆ ಗ್ಯಾರೇಜಿನ ಹಂಗು ನನಗಿಲ್ಲ. ಈ ಹೆಮ್ಮೆ ತುಸು ಅತಿಯಾಗಿತ್ತೆಂದು ಈಗ ಅನ್ನಿಸುತ್ತದೆ.

ಕಣಿಕೆ, ಅಂದರೆ ಜೋಳದ ಒಣ ದಂಟಿನ ಮೇವು, ನೆನೆದು ಬೂಸು ಹಿಡಿದರೆ ಮೂರು ಎಮ್ಮೆಗಳ ಬೇಸಿಗೆ ಕಷ್ಟವೆಂದು ಅಂದು ಅವಸರದಲ್ಲಿ ಅದರ ಸಿವುಡುಗಳನ್ನು (ಕಟ್ಟುಗಳನ್ನು) ಜೀಪಿಗೆ ಹೇರುತ್ತಿದ್ದೆ. ಹೇರಿ ಮುಗಿಯುವುದರೊಳಗೆ ಮಳೆ ಬಂದೇ ಬಿಟ್ಟಿತು. ನೀರು ಕುಡಿದ ಎರೆಮಣ್ಣು ಉಬ್ಬಿ, ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡು, ಹೊಸ ಟೈರನ್ನೂ ಬೋಳು ಮಾಡಿಬಿಡುತ್ತದೆಂಬುದು ಗೊತ್ತಿದ್ದೂ, ನಾಲ್ಕೂ ಗಾಲಿಗಳಿಗೆ ಬಲ ಹೋಗಲೆಂದು ಮುಂದಿನ ಗಾಲಿಗಳ ಹಬ್ಬುಗಳನ್ನು ತಿರುಗಿಸಿ, ಸಣ್ಣ ಲಿವರ್ ಎಳೆದು, ಹೊರಟೆ. ಮುಂದೊಂದು, ಹಿಂದೊಂದು ಗಾಲಿ ಗರಗರನೆ ತಿರುಗಿದವು, ಉಳಿದೆರಡು ಸುಮ್ಮನಿದ್ದವು. ಎಡಬಲದ ಗಾಲಿಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಶಿಯಲ್ಲಿನ ಸ್ವಭಾವವೇ ಅಂಥದ್ದು, ಹಿಡಿತ ತಪ್ಪಿದ ಗಾಲಿಯೇ ತಿರುಗಾಟವನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ.

ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಅಜ್ಜ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು ನಿಂತ.

"ತಮ್ಮಾ, ನಾಕೂ ಗಾಲಿ ತಿರಗತಾವು ಅಂತಿದ್ದೆಲ್ಲ?"

"ತಿರಗತಾವ ಯಜ್ಜಾ, ಎರಿ ಬಿಡವಲ್ದು."

ನಾನು ಸಿವುಡುಗಳನ್ನು ಇಳಿಸಿ ಗಾಲಿಗಳ ಕೆಳಗೆ ತುರುಕತೊಡಗಿದೆ. ಒಂದು ಹೋಯಿತು, ನಾಲ್ಕು ಹೋದವು, ಹತ್ತು ಹೋದವು. ಜೀಪು ಗೇಣುದ್ದವೂ ಸರಿಯಲಿಲ್ಲ.

"ಎಮ್ಮಿ ಬಾಯಾಗಿಂದು ಕಸದು ಗಾಲಿ ಬಾಯಾಗ ಇಡಾಕತ್ತೀಯಲ್ಲೋ ತಮ್ಮಾ. ಎರಡ ದಿನ ಬಿಸಲ ಬೀಳ್ಲಿ, ತಾನ ಬರತೈತಿ."

ಅವನು ನಗಲಿಲ್ಲ. ನಕ್ಕಿದ್ದರೆ ಮರೆತುಬಿಡುತ್ತಿದ್ದೆ. ಒಂದು ಕೈಯನ್ನೂ ಹಚ್ಚದೆ ಮಾತನಾಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಆದರೆ ಗುರುವಾರ ಮಧ್ಯಾಹ್ನ ಜೀಪು ಮೊದಲನೆಯ ಗೇರಿನಲ್ಲಿ, ಹಿಂದಿನ ಎರಡೇ ಗಾಲಿಗಳ ಬಲದಿಂದ, ತಾನಾಗಿಯೇ ಹೊರಬಂದಿತು.

ಅಂದು ರಾತ್ರಿ ಅಜ್ಜನ ಮಾತನ್ನು ಹೇಳಿದಾಗ ನನ್ನವಳು ಹಾಲಿನ ಪುಸ್ತಕವನ್ನು ಮುಂದಿಟ್ಟಳು. ಹೋದ ವರ್ಷದ ಬ್ಯಾಟರಿ, ಎರಡು ಟೈರು, ಡೀಸೆಲ್ ಪಂಪಿನ ದುರಸ್ತಿ, ಎಲ್ಲವೂ ಹಾಲಿನ ದುಡ್ಡೇ. "ಆ ಯಜ್ಜ ಒಮ್ಮೆ ಅಂದದ್ದು ನಿಮಗ ತಾಗೇತಿ. ನಾ ಮೂರು ವರ್ಷದಿಂದ ಅನ್ನಾಕತ್ತೀನಿ," ಎಂದಳು. ಉತ್ತರ ಹೊಳೆಯಲಿಲ್ಲ.

ನಮ್ಮವು ಧಾರವಾಡಿ ಎಮ್ಮೆಗಳು. ಪ್ರತ್ಯೇಕ ತಳಿಯೆಂದು ಅವುಗಳಿಗೆ ಮಾನ್ಯತೆ ಸಿಕ್ಕಿದ್ದು 2021ರಲ್ಲಿ; ಒಣ ಕಣಿಕೆಯ ಮೇಲೂ ತಾಳಿಕೊಂಡು ಹಾಲು ಕೊಡುವ ಅವುಗಳ ಗುಣ ನಮ್ಮ ಹಿರಿಯರಿಗೆ ಅದಕ್ಕಿಂತ ಬಹಳ ಮೊದಲೇ ತಿಳಿದಿತ್ತು. ಹೊಲದ ಕಣಿಕೆ ತಿಂದು, ಸಗಣಿಯನ್ನು ಹೊಲಕ್ಕೇ ಮರಳಿಸುವ ಅವುಗಳಿಗೆ ಹುಬ್ಬಳ್ಳಿಯ ಬಿಡಿಭಾಗ ಬೇಕಾಗಿಲ್ಲ. ಎಮ್ಮೆಗಳಿಗಾಗಿ ಜೀಪು ಇಟ್ಟಿದ್ದೇನೆಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಲೆಕ್ಕ ನೋಡಿದರೆ ಜೀಪನ್ನು ಇಟ್ಟುಕೊಂಡಿರುವುದು ಎಮ್ಮೆಗಳು. ನನ್ನ ಸ್ವಾವಲಂಬನೆಯೆಂಬುದು ಬಹುಪಾಲು ಸ್ಪ್ಯಾನರ್ ಹಿಡಿಯುವ ಖುಷಿ. ಆ ಖುಷಿಯನ್ನು ಬಿಡುವ ಮನಸ್ಸಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಇಂದು ಬೆಳಗ್ಗೆ ಜೀಪಿನ ಕೆಳಗೆ ಮಲಗಿ, ಒಣಗಿ ಕಲ್ಲಾಗಿದ್ದ ಎರೆಯನ್ನು ಕೆತ್ತುತ್ತಿದ್ದಾಗ ಶಾಫ್ಟಿಗೆ ಸುತ್ತಿಕೊಂಡಿದ್ದ ಕಣಿಕೆ ಸಿಕ್ಕಿತು. ಬಿಡಿಸಿ, ಕೊಡವಿ, ದೊಡ್ಡ ಎಮ್ಮೆಯ ಮುಂದೆ ಹಾಕಿದೆ. ಅದು ಒಮ್ಮೆ ಮೂಸಿ, ಗ್ರೀಸಿನ ವಾಸನೆಗೆ ಮುಖ ತಿರುಗಿಸಿತು.