ಎರಡು ಸಲ ಬಂದ 1:40

ಭಾನುವಾರ ಮಾಟುಂಗದಲ್ಲಿ ಹೊಸ ಪತ್ತೇದಾರಿ ನಾಟಕದ ಮೊದಲ ಓದು. 1962ರ ಜುಲೈ, ಮುಂಬಯಿಯ ಬ್ಯಾಲಾರ್ಡ್ ಪಿಯರ್‌ನಿಂದ ಕೆನ್ಯಾದ ಮೊಂಬಾಸಾಗೆ ಹೊರಟ ಹಡಗು, ನಡುಗಡಲಲ್ಲಿ ಕೊಲೆ. ಕೊಲೆಗಾರ ಕೆಳ ಡೆಕ್ಕಿನ ದುಂಡು ಕಿಟಕಿಯಿಂದ, ಅಂದರೆ ಪೋರ್ಟ್‌ಹೋಲ್‌ನಿಂದ ಚೂರಿ ಎಸೆಯುವಲ್ಲಿಗೆ ಓದು ನಿಂತಿತು.

"ಜುಲೈಯಲ್ಲಿ ಅದನ್ನು ಯಾರು ಮಾರಾಯ್ರೆ ತೆರೆದಿಡುವುದು?" ಎಂದರು ಹಿಂದೆ ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದ ಉಳ್ಳಾಲದವರು. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಕೆಳಗಿನ ಗಾಜುಗಳನ್ನು ತಿರುಪು ಬಿಗಿದು, ಅದರ ಮೇಲೆ ಡೆಡ್‌ಲೈಟ್ ಎಂಬ ಲೋಹದ ಮುಚ್ಚಳ ಇಳಿಸಿರುತ್ತಾರೆ. ಕತೆ ಜನವರಿಗೆ ಹೋಯಿತು. ಬಲಬದಿಯ ಕ್ಯಾಬಿನ್ನಿಗೆ ಬೆಳಗಿನ ಬಿಸಿಲು ಬೀಳುವ ಸಾಲೂ ಹೋಯಿತು. ನೈಋತ್ಯಕ್ಕೆ ಸಾಗುವ ಹಡಗಿಗೆ ಬೆಳಗಿನ ಸೂರ್ಯ ಎಡಬದಿಯಲ್ಲಿ. ಶವ ಮೊದಲು ಕಾಣುವುದು ಬೆಡ್ ಟೀ ತರುವ ಗೋವಾದ ಸ್ಟೀವರ್ಡ್‌ಗೆ. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ಮಧ್ಯಾಹ್ನವೆಲ್ಲ ಹಿಡಿದದ್ದು ಗಡಿಯಾರ. ಮುಂಬಯಿಗೂ ಮೊಂಬಾಸಾಗೂ ಎರಡೂವರೆ ಗಂಟೆ ಅಂತರ. ಸುಮಾರು 2,400 ನಾಟಿಕಲ್ ಮೈಲಿಯ ಹಾದಿ, 16 ನಾಟ್ (ಗಂಟೆಗೆ 16 ನಾಟಿಕಲ್ ಮೈಲಿ) ವೇಗದಲ್ಲಿ ಆರು ದಿನಕ್ಕೂ ಹೆಚ್ಚು. ನಡುವೆ ಕೆಲವು ರಾತ್ರಿ ಹಡಗಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ನಾಟಕದಲ್ಲಿ ಕೊಲೆಯ ರಾತ್ರಿ 2:00 ಆದೊಡನೆ ಮತ್ತೆ 1:00. ಅಂದರೆ ಆ ರಾತ್ರಿ 1:40 ಎರಡು ಸಲ ಬರುತ್ತದೆ.

ಸತ್ತವನ ಕೈಗಡಿಯಾರ 1:40ಕ್ಕೆ ನಿಂತಿದೆ. ಆರೋಪಿಯ ತಂತಿ ಫಾರಂನಲ್ಲೂ 1:40. ಆಗ ತಾನು ರೇಡಿಯೋ ಕೋಣೆಯಲ್ಲಿದ್ದೆ ಅನ್ನುತ್ತಾನೆ. ಸುಳ್ಳಲ್ಲ. ಆದರೆ ರೇಡಿಯೋ ಲಾಗ್ ಬರೆಯುವುದು ಜಿಎಂಟಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ. ಭಾರತೀಯ ಸಮಯದ 1:40 ಅಲ್ಲಿ ಹಿಂದಿನ ದಿನಾಂಕದ 20:10 ಆಗಬೇಕು. ತಂತಿ ಹೋದದ್ದು 21:10ಕ್ಕೆ, ಅಂದರೆ ಎರಡನೆಯ 1:40ಕ್ಕೆ. ಹೊತ್ತಲ್ಲದ ಹೊತ್ತಿನಲ್ಲಿ ಆ ಕೋಣೆ ತೆರೆದಿರಬೇಕಾದರೆ ಒಬ್ಬನೇ ಆಪರೇಟರ್ ಸಾಲದು. ಪಾತ್ರಪಟ್ಟಿಗೆ ಇನ್ನಿಬ್ಬರು ಸೇರಿದರು, ಒಬ್ಬರಿಗೂ ಮಾತಿಲ್ಲ.

ಹಾಗಾದರೆ ಕೊಲೆ ಯಾವ 1:40ಕ್ಕೆ? ಸತ್ತವನು ಮಲಗುವ ಮೊದಲೇ ಮುಳ್ಳು ತಿರುಗಿಸಿದ್ದರೆ ಲೆಕ್ಕವೇ ಬದಲು. ಇಲ್ಲಿ ಪಕ್ಕದ ಕ್ಯಾಬಿನ್ನಿನ ಅಜ್ಜಿ ಬೇಕು. ಹಡಗಿನಲ್ಲಿ ಅರ್ಧ ಗಂಟೆಗೊಮ್ಮೆ ಬೆಲ್: 12:30ಕ್ಕೆ ಒಂದು, 1:00ಕ್ಕೆ ಎರಡು, 1:30ಕ್ಕೆ ಮೂರು. ಅಜ್ಜಿ ಹೇಳುವುದಿಷ್ಟು: ಮೂರು ಬೆಲ್ ಆಯಿತು, ಆಮೇಲೆ ಕಿರುಚಾಟ, ಬಹಳ ಹೊತ್ತಿನ ಮೇಲೆ ಮತ್ತೆ ಮೂರು ಬೆಲ್. ಮುದುಕಿಗೆ ಅರಳುಮರುಳು ಎಂದು ಎಲ್ಲರೂ ನಗುತ್ತಾರೆ. ಕಿರುಚಾಟ ಎರಡರ ನಡುವೆ ಬಂದದ್ದರಿಂದ ಅದು ಮೊದಲ 1:40. ಈ ನಾಟಕದ ಅಪ್ಪಟ ಪತ್ತೇದಾರಿಕೆ ಅಜ್ಜಿಯದೇ ಎಂದು ನನ್ನ ಮತ. ಬೆಲ್ ಬಾರಿಸುವವರಿಗೆ ಸೂಚನೆ: ಹೊಡೆತ ಜೋಡಿಯಾಗಿ, ಟಣ್‌ಟಣ್, ಬಿಡುವು, ಟಣ್.

ಕೆಲವು ಹಡಗುಗಳಲ್ಲಿ ಆ ಒಂದು ಗಂಟೆಯನ್ನು ಮೂರು ಪಾಳಿಗೆ ತಲಾ 20 ನಿಮಿಷ ಹಂಚುತ್ತಿದ್ದರಂತೆ. ಹಾಗಾದರೆ ಕತೆಯೇ ಬಿದ್ದುಹೋಗುತ್ತದೆ. ಅದಕ್ಕೇ ಮೊದಲ ಅಂಕದ ಊಟದ ದೃಶ್ಯದಲ್ಲಿ, ಮೀನಿನ ತಟ್ಟೆ ಬರುವ ಗದ್ದಲದ ನಡುವೆ, "ಇಂದು ರಾತ್ರಿ ಎರಡಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ" ಎಂದು ಸ್ಟೀವರ್ಡ್ ಓದಿಬಿಡುತ್ತಾನೆ.