ಸಲಹಾ ಪೆಟ್ಟಿಗೆಯ ಬೀಗದ ಕೈ

ಕಾಲೇಜಿನ ಆಫೀಸಿನ ಕಡೆ ತಿರುಗುವ ಮೂಲೆಯಲ್ಲಿ ಗೋಡೆಗೆ ಹೊಡೆದಿದ್ದ ಆ ಹಸಿರು ತಗಡಿನ ಪೆಟ್ಟಿಗೆ ನಮ್ಮ ಕಾಲದವರಿಗೆಲ್ಲ ನೆನಪಿರುತ್ತದೆ. ಬೀಗಕ್ಕೆ ತುಕ್ಕು. ವರ್ಷದ ಕೊನೆಗೆ ತೆರೆದರೆ ಚಾಕೊಲೇಟ್ ಕಾಗದ, ಹಳೆಯ ಬಸ್ ಟಿಕೆಟ್, ನಡುವೆ ನಾಲ್ಕಾರು ಚೀಟಿ: ‘ನೀರು ಬರ್ತಿಲ್ಲ’. ಯಾವ ನಲ್ಲಿ, ಎಂದಿನಿಂದ, ಏನೂ ಇಲ್ಲ. ಬರೆದವರು ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಊರು ಸೇರಿರುತ್ತಿದ್ದರು.

‘ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂದು ವಿದ್ಯಾರ್ಥಿ ಸಂಘದವರು ಗೊಣಗುತ್ತಾರೆ. ‘ಹೇಳಿ ಏನು ಬಂತು’ ಎನ್ನುವ ಹುಡುಗರ ಮಾತಿನಲ್ಲೇ ನಿಜ ಹೆಚ್ಚು. 1980ರ ದಶಕ ಮುಗಿಯುವ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ಸಂಘದ ಚುನಾವಣೆ ನಿಂತಿತು. ಗಲಾಟೆ ತಗ್ಗಿತು, ಸರಿ. ಆದರೆ ವೋಟು ಕೇಳಲೆಂದಾದರೂ ಬೆಂಚಿನಿಂದ ಬೆಂಚಿಗೆ ಹೋಗಿ ಮಾತು ಕೇಳಿಸಿಕೊಳ್ಳುವ ರೂಢಿಯೂ ಅದರೊಂದಿಗೇ ಹೋಯಿತು. ಅಂಕ ನೋಡಿ ಆರಿಸಿದ ತರಗತಿ ಪ್ರತಿನಿಧಿ (ಸಿ.ಆರ್.) ಮೇಷ್ಟ್ರ ಮನುಷ್ಯನಂತೆ ಕಾಣುತ್ತಾನೆ. ಆ ಕೊರತೆ ತುಂಬಲು ಬೇಕಾದ್ದು ಭಾಷಣವಲ್ಲ, ಒಂದು ರಿಜಿಸ್ಟರ್.

ಪೆಟ್ಟಿಗೆಯನ್ನು ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ ತೆರೆಯಬೇಕು. ಎರಡು ಬೀಗ ಹಾಕಿ, ಒಂದರ ಕೈ ಕಾರ್ಯದರ್ಶಿಯ ಹತ್ತಿರ, ಇನ್ನೊಂದರದು ಸಂಘದ ಸಲಹೆಗಾರ ಅಧ್ಯಾಪಕರ ಹತ್ತಿರ ಇರಲಿ. ಚೀಟಿ ಮಾಯವಾಯಿತೆಂಬ ಗುಮಾನಿಗೆ ಎಡೆಯಿರುವುದಿಲ್ಲ. ಖಾಲಿ ಕಾಗದ ಇಡಬೇಡಿ. ಒಂದು ಎ4 ಹಾಳೆಗೆ ನಾಲ್ಕರಂತೆ ಚೀಟಿ ಅಚ್ಚು ಹಾಕಿಸಿ: ಏನು, ಎಲ್ಲಿ, ಎಂದಿನಿಂದ. ನೂರು ಹಾಳೆಗೆ ನಾನೂರು ಚೀಟಿಯಾಗುತ್ತವೆ. ಹೆಸರು ಕೇಳಬೇಡಿ.

ರಿಜಿಸ್ಟರಿಗೆ ಐದು ಕಾಲಂ: ಕ್ರಮಸಂಖ್ಯೆ, ಬಂದ ದಿನ, ವಿಷಯ, ಈಗ ಯಾರ ಮೇಜಿನ ಮೇಲಿದೆ, ಉತ್ತರ ಮತ್ತು ಅದರ ದಿನಾಂಕ. ಎಡವುವುದು ನಾಲ್ಕನೆಯದರಲ್ಲಿ. ‘ಪರಿಶೀಲನೆಯಲ್ಲಿದೆ’ ಎಂದು ಗೀಚಿದರೆ ಆ ಅರ್ಜಿ ಸತ್ತಂತೆಯೇ. ‘ಲೈಬ್ರರಿ ಮೇಲ್ವಿಚಾರಕರಿಗೆ ಕೊಟ್ಟಿದೆ, ಬುಧವಾರ ಮತ್ತೆ ಕೇಳುತ್ತೇವೆ’ ಎಂದು ಬರೆಯಬೇಕು. ಆಗದ ಕೆಲಸಕ್ಕೆ ‘ಆಗುವುದಿಲ್ಲ, ದುಡ್ಡಿಲ್ಲ’ ಎಂದೇ ಬರೆಯಿರಿ. ಹುಡುಗರು ಅದನ್ನು ಒಪ್ಪುತ್ತಾರೆ, ಒಪ್ಪದಿರುವುದು ಮೌನವನ್ನು. ಸೋಮವಾರ ಬೆಳಿಗ್ಗೆ ಆ ಪುಟದ ನಕಲು ನೋಟಿಸ್ ಫಲಕದ ಮೇಲಿರಬೇಕು.

ಕಿರುಕುಳ, ಶುಲ್ಕ, ಅಂಕಪಟ್ಟಿಯಂಥ ದೂರು ಮಾತ್ರ ಫಲಕಕ್ಕೆ ಬರಕೂಡದು. ಶುಲ್ಕ, ಅಂಕಪಟ್ಟಿಯದು ಕುಂದುಕೊರತೆ ನಿವಾರಣಾ ಸಮಿತಿಯ ಕೆಲಸ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ಅದು ಆದಷ್ಟೂ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದರ ಪ್ರತಿ ದೂರು ಕೊಟ್ಟವರಿಗೂ ಸಿಗಬೇಕು. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿಯೇ ಬೇರೆ ಇದೆ.

ಇನ್ನು ನೋಟಿಸು. ‘ಈ ಮೂಲಕ ಎಲ್ಲಾ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ’ ಎಂಬಲ್ಲಿಗೆ ಮೊದಲ ಸಾಲು ಮುಗಿದಿರುತ್ತದೆ, ಓದುವವನು ಕ್ಯಾಂಟೀನ್ ತಲುಪಿರುತ್ತಾನೆ! ‘ಬಸ್ ಪಾಸ್ ಅರ್ಜಿಗೆ ಶನಿವಾರ ಕೊನೆ ದಿನ, 3ನೇ ಕೌಂಟರ್’ ಎಂದು ದಪ್ಪ ಅಕ್ಷರದಲ್ಲಿ ಮೇಲೆ ಬರೆಯಿರಿ, ಉಳಿದದ್ದು ಕೆಳಗಿರಲಿ. ದಿನಾಂಕ ಮುಗಿದದ್ದನ್ನು ಅಂದೇ ಕೀಳಬೇಕು. ಹಳೆಯದರ ಮೇಲೆ ಹೊಸದನ್ನು ಚುಚ್ಚಿದ ಫಲಕವನ್ನು ಯಾರೂ ಓದುವುದಿಲ್ಲ.

ವಾಟ್ಸ್ಆ್ಯಪ್ ಇದೆಯಲ್ಲ ಎನ್ನುತ್ತೀರಿ. ಇದೆ, ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತುಹೋಗಲು. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಒಂದು ಗುಂಪು ಮಾಡಿ, ಪ್ರಶ್ನೆಗೆ ಬೇರೆಯದಿರಲಿ. ನೋಟಿಸಿನ ಫೋಟೊ ಹಾಕಿದರೆ ಸಾಲದು. ಅಂಚು ಕತ್ತರಿಸಿಹೋಗಿ ದಿನಾಂಕವೇ ಹಾರಿಹೋಗಿರುತ್ತದೆ. ಟೈಪ್ ಮಾಡಿ. ಫೋನ್ ಇಲ್ಲದವರಿಗಾಗಿ ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ಅಧ್ಯಾಪಕರನ್ನು ಕೇಳಿ ಐದು ನಿಮಿಷ ಪಡೆದು ಸಿ.ಆರ್. ಓದಿ ಹೇಳಬೇಕು. ತರಗತಿಗೆ ಇಬ್ಬರು ಸಿ.ಆರ್. ಇದ್ದರೆ ಒಬ್ಬರು ರಜೆಯಾದರೂ ಕೆಲಸ ನಿಲ್ಲದು.

ಗುಮಾನಿ ಹೆಚ್ಚು ಹುಟ್ಟುವುದು ದುಡ್ಡಿನಿಂದ. ವಾರ್ಷಿಕೋತ್ಸವ ಮುಗಿದ ವಾರದೊಳಗೆ ಶಾಮಿಯಾನಕ್ಕೆಷ್ಟು, ಮೈಕ್ ಸೆಟ್ಟಿಗೆಷ್ಟು, ಸಿಹಿಗೆಷ್ಟು ಎಂದು ಬಿಲ್ಲಿನೊಂದಿಗೆ ಅಂಟಿಸಿ.

ಸಭೆಯನ್ನು ಸಂಜೆ ನಾಲ್ಕರ ಮೇಲೆ ಕರೆಯಬೇಡಿ. ಹಳ್ಳಿಯ ಬಸ್ಸು ಹಿಡಿಯುವವರು ಅಷ್ಟು ಹೊತ್ತಿಗೆ ಸ್ಟ್ಯಾಂಡಿನಲ್ಲಿರುತ್ತಾರೆ, ಬಸ್ ಪಾಸಿನ ತೊಂದರೆ ಹೇಳಬೇಕಾದವರೂ ಅವರೇ.